ಕೀಲಿಕೈ ಯಾರ ಹತ್ತಿರ ಇದೆ?

ನಮ್ಮೂರು ಕೊಪ್ಪಳ ತಾಲ್ಲೂಕಿನಲ್ಲಿದೆ. ಊರ ನಡುವೆ ಒಂದು ಓದುವ ಕೋಣೆ ಇದೆ. ಹುಡುಗನಾಗಿದ್ದಾಗ ನಾನು ಅಲ್ಲೇ ಕೂತು ಪೇಪರ್ ಓದುತ್ತಿದ್ದೆ. ಒಮ್ಮೆ ರಜೆಗೆ ಹೋದಾಗ ನೋಡಿದರೆ ಬಾಗಿಲಿಗೆ ಕೀಲಿ ಬಿದ್ದಿತ್ತು. ಕಿಟಕಿ ಸಂದಿಯಿಂದ ಇಣುಕಿದೆ. ಕಪಾಟಿಗೆ ಒರಗಿಸಿದ ಸಿಮೆಂಟ್ ಚೀಲಗಳು, ಮೇಜಿನ ಮೇಲೆ ಯಾರದೋ ಮದುವೆಯ ಪೆಂಡಾಲಿನ ಬಟ್ಟೆ, ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು. ಪಕ್ಕದ ಚಹಾ ಅಂಗಡಿಯಲ್ಲಿ ಕೇಳಿದೆ: "ಕಾಕಾ, ಕೀಲಿಕೈ ಯಾರ ಹತ್ರ ಐತ್ರಿ?" ಕಾಕಾ ಕಪ್ಪು ತೊಳೆಯುತ್ತಲೇ ಹೇಳಿದರು: "ಯಾರಿಗ್ಗೊತ್ತಪಾ, ಅದು ಸರಕಾರದ್ದು."

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಯಾವ ಊರಿಗೆ ಹೋದರೂ ಈ ಮಾತು ಕೇಳಿಸುತ್ತದೆ. ಕೆರೆ ಸರಕಾರದ್ದು. ಶಾಲೆ ಸರಕಾರದ್ದು. ಸಮುದಾಯ ಭವನ ಸರಕಾರದ್ದು. ಸರಕಾರದ್ದು ಅಂದರೆ ನಮ್ಮದಲ್ಲ ಎಂದೇ ನಾವು ಅರ್ಥ ಮಾಡಿಕೊಂಡುಬಿಟ್ಟಿದ್ದೇವೆ. ಊರಿನ ಸ್ವತ್ತು ಹಾಳಾಗುವುದು ಶುರುವಾಗುವುದೇ ಇಲ್ಲಿಂದ ಅಂತ ನನಗೆ ಅನಿಸುತ್ತದೆ.

ಇಂಥ ಜಾಗಗಳನ್ನು ಊರವರೇ ಕೈಗೆ ತೆಗೆದುಕೊಂಡು ಉಳಿಸಿಕೊಳ್ಳಬಹುದಾ? ಉಳಿಸಿಕೊಳ್ಳಬಹುದು. ನಮ್ಮ ಜಿಲ್ಲೆಯಲ್ಲೇ ಆಗಿದೆ. ಆದರೆ ಹೆಚ್ಚಿನವರು ಅಂದುಕೊಂಡಂತೆ ಒಂದು ದಿನ ಸಲಿಕೆ ಹಿಡಿದು ಫೋಟೊ ತೆಗೆಸಿಕೊಂಡರೆ ಮುಗಿಯುವ ಕೆಲಸ ಅಲ್ಲ. ಅದು ಹೇಗೆ ನಡೆಯುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಸದ್ದಿಲ್ಲದೆ ಹೋಗುವುದು

ಊರಿನ ಕೆರೆಯನ್ನು ಯಾರೂ ಒಂದೇ ದಿನ ಮುಚ್ಚುವುದಿಲ್ಲ. ಮೊದಲು ನೀರು ಬರುವ ಹಳ್ಳಕ್ಕೆ ಯಾರೋ ಬದು ಹಾಕುತ್ತಾರೆ. ಮಾರನೇ ವರ್ಷ ಕೆರೆ ಅರ್ಧ ತುಂಬುತ್ತದೆ. ಖಾಲಿ ಉಳಿದ ಅಂಗಳದಲ್ಲಿ ಜಾಲಿ ಎದ್ದುಕೊಳ್ಳುತ್ತದೆ. ರಾಜ್ಯದ ಬೇರೆ ಕಡೆ ಈ ಮುಳ್ಳುಕಂಟಿಗೆ 'ಬಳ್ಳಾರಿ ಜಾಲಿ' ಅಂತಲೇ ಹೆಸರು. ಒಮ್ಮೆ ಬೇರು ಬಿಟ್ಟರೆ ಕಡಿದಷ್ಟೂ ಚಿಗುರುತ್ತದೆ. ಜಾಲಿ ಬೆಳೆದ ಮೇಲೆ ಜನ ಆ ಕಡೆ ಹೋಗುವುದು ಬಿಡುತ್ತಾರೆ, ಕಸ ಬಂದು ಬೀಳುತ್ತದೆ. ಆಮೇಲೆ "ಅದು ಕೆರೆ ಅಲ್ರಿ, ಪಡಾ ಬಿದ್ದ ಜಾಗ" ಅನ್ನುವ ಮಾತು ಹುಟ್ಟುತ್ತದೆ.

ಗ್ರಂಥಾಲಯದ ಕಥೆಯೂ ಬೇರೆಯಲ್ಲ. ಪೇಪರ್ ನಿಲ್ಲುತ್ತದೆ, ಬಲ್ಬ್ ಹೋಗುತ್ತದೆ, ಸಂಜೆ ತೆರೆಯುವುದು ನಿಲ್ಲುತ್ತದೆ, ಕೊನೆಗೆ ಕೋಣೆ ಸಾಮಾನು ಇಡುವ ಜಾಗವಾಗುತ್ತದೆ. ಕನ್ನಡ ಶಾಲೆಯಲ್ಲಿ ಮಕ್ಕಳು ವರ್ಷಕ್ಕೆ ನಾಲ್ಕೈದು ಕಡಿಮೆಯಾಗುತ್ತಾ ಹೋಗುತ್ತಾರೆ. ಕೊನೆಗೊಂದು ದಿನ ಪಕ್ಕದೂರಿನ ಶಾಲೆಯ ಜೊತೆ ಸೇರಿಸುವ ಮಾತು ಬರುತ್ತದೆ. ಆಗ ಊರವರು ಎದ್ದು ಕೂತರೆ ತಡವಾಗಿರುತ್ತದೆ.

ಬ್ರಿಟನ್ನಿನಲ್ಲಿ ಇದಕ್ಕೊಂದು ಕಾನೂನಿನ ದಾರಿ ಇದೆ. ಅಲ್ಲಿ ಊರಿನ ಅಂಗಡಿ, ಪಬ್ಬು, ಸಭಾಭವನಗಳು ಹೆಚ್ಚಾಗಿ ಖಾಸಗಿಯವರವು. ಮಾಲೀಕ ಮಾರಿಬಿಟ್ಟರೆ ಊರಿಗೆ ಕೂಡುವ ಜಾಗವೇ ಇಲ್ಲ. ಇಂಗ್ಲೆಂಡಿನ 2011ರ ಸ್ಥಳೀಯತೆ ಕಾಯ್ದೆಯ ಪ್ರಕಾರ ಕನಿಷ್ಠ 21 ಮಂದಿ ಸ್ಥಳೀಯರು ಸೇರಿ "ಇದು ನಮ್ಮೂರಿಗೆ ಬೇಕಾದ ಜಾಗ" ಎಂದು ಪಟ್ಟಿಗೆ ಸೇರಿಸಲು ಅರ್ಜಿ ಕೊಡಬಹುದು. ಒಮ್ಮೆ ಸೇರಿದರೆ 5 ವರ್ಷ ಪಟ್ಟಿಯಲ್ಲಿರುತ್ತದೆ. ಮಾಲೀಕ ಮಾರಲು ಹೊರಟಾಗ ಊರವರು ಮುಂದೆ ಬಂದರೆ ಹಣ ಹೊಂದಿಸಲು 6 ತಿಂಗಳು ಸಿಗುತ್ತದೆ. ಅವರಿಗೇ ಮಾರಬೇಕು ಅನ್ನುವ ಕಡ್ಡಾಯವೇನೂ ಇಲ್ಲ, ಟೈಮ್ ಸಿಗುತ್ತದೆ ಅಷ್ಟೇ. ಸ್ಕಾಟ್ಲೆಂಡ್ 2003ರಲ್ಲೇ ಇನ್ನೂ ಮುಂದೆ ಹೋಗಿ, ನೋಂದಾಯಿಸಿಕೊಂಡ ಊರಿನ ಸಂಘಕ್ಕೆ ಜಮೀನು ಕೊಳ್ಳುವ ಮೊದಲ ಹಕ್ಕನ್ನೇ ಕೊಟ್ಟಿತು.

ನಮ್ಮಲ್ಲಿ ಲೆಕ್ಕ ಉಲ್ಟಾ. ಇಲ್ಲಿ ಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ, ಹೆಚ್ಚಿನವು ಆಗಲೇ ಸಾರ್ವಜನಿಕ ಸ್ವತ್ತು. ನಮಗೆ ಬೇಕಾದದ್ದು ನೋಡಿಕೊಳ್ಳುವ ಅಧಿಕಾರ. ಅದು ಬಾಯಿಮಾತಲ್ಲಿ ಸಿಕ್ಕರೆ ಸಾಲದು, ಕಾಗದದಲ್ಲಿ ಇರಬೇಕು.

ಮೊದಲು ಯಾರದು ಅಂತ ನೋಡಿ

ಹುಮ್ಮಸ್ಸಿನ ಹುಡುಗರು ಇಲ್ಲೇ ಎಡವುತ್ತಾರೆ. ನೇರ ಜೆಸಿಬಿ ತಂದು ನಿಲ್ಲಿಸುತ್ತಾರೆ. ಆಮೇಲೆ ಒಬ್ಬ ಅಧಿಕಾರಿ ಬಂದು "ಯಾರು ಪರ್ಮಿಶನ್ ಕೊಟ್ಟಿದ್ದು?" ಅಂದ ಕೂಡಲೇ ಕೆಲಸ ನಿಲ್ಲುತ್ತದೆ. ನಿಂತ ಕೆಲಸ ಮತ್ತೆ ಶುರುವಾಗುವುದು ಬಲು ಕಷ್ಟ.

ಕೆರೆ ಆದರೆ ಅಚ್ಚುಕಟ್ಟು ಎಷ್ಟು ಅಂತ ನೋಡಬೇಕು. ನೀರುಣಿಸುವ ಜಮೀನು 40 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ 100 ಎಕರೆಗಿಂತ ಕಡಿಮೆ ಇದ್ದರೆ ಅದು ಪಂಚಾಯತಿ ವ್ಯವಸ್ಥೆಯ ಕೆರೆ. 40ರಿಂದ 2,000 ಹೆಕ್ಟೇರ್‌ವರೆಗಿನದು ಸಣ್ಣ ನೀರಾವರಿ ಇಲಾಖೆಯದು. ಕೆರೆಯ ಪಹಣಿ ತೆಗೆಸಿ 9ನೇ ಕಾಲಂ ನೋಡಿ, ಯಾರ ಹೆಸರಿದೆ ಅಂತ ಗೊತ್ತಾಗುತ್ತದೆ. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಮೊಬೈಲಿನ ದಿಶಾಂಕ್ ಆ್ಯಪ್ ಹಿಡಿದು ಏರಿಯ ಮೇಲೆ ನಿಂತರೆ ಸಾಕು, ಕಾಲಡಿಯ ನಂಬರ್ ಬರುತ್ತದೆ. ಒತ್ತುವರಿಯ ಅನುಮಾನ ಇದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ, ಕಲ್ಲು ನೆಡಿಸಿ. ಪಕ್ಕದ ಹೊಲದವರ ಜೊತೆ ಜಗಳಕ್ಕೆ ಬೀಳಬೇಡಿ. ಅಳತೆ ಆಗುವ ಮೊದಲು ಇಬ್ಬರದೂ ಊಹೆಯೇ.

ಗ್ರಂಥಾಲಯದ ವಿಷಯದಲ್ಲಿ 2019ರಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಅಲ್ಲಿಯವರೆಗೆ ಗ್ರಾಮ ಪಂಚಾಯತಿ ಮಟ್ಟದ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. ಆ ವರ್ಷ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಈಗ ಅವುಗಳ ಹೆಸರು 'ಅರಿವು ಕೇಂದ್ರ'. ಅಂದರೆ ಬೀಗ ಬಿದ್ದಿದೆ ಎಂದು ಜಿಲ್ಲಾ ಕೇಂದ್ರಕ್ಕೆ ಓಡಾಡಬೇಕಿಲ್ಲ, ನಿಮ್ಮ ಪಂಚಾಯತಿಯ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರನ್ನೇ ಕೇಳಬಹುದು. ದುಡ್ಡಿನ ಮೂಲವೂ ಇದೆ. 1965ರ ಗ್ರಂಥಾಲಯ ಕಾಯ್ದೆಯ ಅಡಿ ಆಸ್ತಿ ತೆರಿಗೆಯ 100 ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ಅಂತ ನಾವೇ ಕಟ್ಟುತ್ತೇವೆ. ನಿಮ್ಮ ಮನೆ ತೆರಿಗೆ ರಸೀದಿ ತೆಗೆದು ನೋಡಿ. "ನಮ್ಮೂರಿಂದ ಎಷ್ಟು ಕರ ಬಂತು, ಎಷ್ಟು ಖರ್ಚಾಯಿತು?" ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ಕಟ್ಟಿದ ಪ್ರತಿಯೊಬ್ಬರಿಗೂ ಇದೆ.

ಶಾಲೆಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. 2001ರಿಂದ ನಮ್ಮ ರಾಜ್ಯದಲ್ಲಿ ಪಾಲಕರೇ ಕೂಡಿದ ಈ ಸಮಿತಿಗಳು ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವ ಕೆಲಸವನ್ನೇ ಇಂಥ ಸಮಿತಿಗೆ ಕೊಟ್ಟಿದೆ. ಬಹಳ ಕಡೆ ಸಮಿತಿ ಬರೀ ಸಹಿಗೆ ಮಾತ್ರ. ಆದರೆ ಅದೇ ಅಸ್ತ್ರ, ಬೇರೆ ಹುಡುಕಬೇಕಾಗಿಲ್ಲ.

ಸಮುದಾಯ ಭವನಗಳದ್ದೇ ತಲೆನೋವು. ಶಾಸಕರ ನಿಧಿ, ಸಂಸದರ ನಿಧಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಹೀಗೆ ನಾನಾ ಕಡೆಯಿಂದ ದುಡ್ಡು ಬಂದು ಕಟ್ಟಡ ಏಳುತ್ತದೆ. ಕಟ್ಟಿದ ಮೇಲೆ ಪಂಚಾಯತಿಗೆ ಹಸ್ತಾಂತರ ಆಯಿತಾ ಇಲ್ಲವಾ ಅನ್ನುವುದೇ ಅನೇಕ ಕಡೆ ಯಾರಿಗೂ ಗೊತ್ತಿರುವುದಿಲ್ಲ. ಕಟ್ಟುವುದಕ್ಕೆ ದುಡ್ಡು ಸಿಗುತ್ತದೆ, ನೋಡಿಕೊಳ್ಳುವುದಕ್ಕೆ ಸಿಗುವುದಿಲ್ಲ. ನಮ್ಮ ಭಾಗದ ದೊಡ್ಡ ರೋಗ ಇದು. ಕಾಗದ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು.

ಹಿರೇಹಳ್ಳ ಕಲಿಸಿದ್ದು

ಕೊಪ್ಪಳದವರಿಗೆ ಹಿರೇಹಳ್ಳದ ಕಥೆ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ತುಂಗಭದ್ರೆಗೆ ಸೇರುವ ಈ ಹಳ್ಳ ಜಾಲಿ, ಆಪು ಹುಲ್ಲು, ಹೂಳು, ಕಸ ತುಂಬಿ ಹಳ್ಳ ಅನ್ನುವ ಗುರುತೇ ಇಲ್ಲದಂತಾಗಿತ್ತು. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತರು. ತಾವೇ ಹಳ್ಳಕ್ಕಿಳಿದು ಕಸ ತೆಗೆದರು. ಅದನ್ನು ನೋಡಿ ಜನ ಇಳಿದರು. ಒಬ್ಬರು ಜೆಸಿಬಿ ಕೊಟ್ಟರು, ಒಬ್ಬರು ಡೀಸೆಲ್, ಒಬ್ಬರು ರೊಟ್ಟಿ ಬುತ್ತಿ. ಹೀಗೆ ಸುಮಾರು 25 ಕಿಲೋಮೀಟರ್ ಉದ್ದ ಹಳ್ಳ ಸ್ವಚ್ಛವಾಯಿತು. ಅದೇ ದಾರಿಯಲ್ಲಿ ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆ, ಕೊಪ್ಪಳ ಹತ್ತಿರದ ಗಿಣಿಗೇರಾ ಕೆರೆಗಳಿಗೂ ಜನರ ಕೈ ಕೂಡಿತು.

ನಮ್ಮ ಕಡೆ ವರ್ಷದ ಮಳೆ ಸುಮಾರು 600 ಮಿಲಿಮೀಟರ್. ಅದೂ ಒಮ್ಮೆಗೇ ಬಂದು ಹೋಗುತ್ತದೆ. ಬಂದ ನಾಲ್ಕು ದೊಡ್ಡ ಮಳೆಯನ್ನು ಹಿಡಿದಿಟ್ಟವರಿಗೆ ಬೋರ್‌ವೆಲ್ಲಿನಲ್ಲಿ ನೀರು. ಇದು ಇಲ್ಲಿಯ ರೈತನಿಗೆ ಗೊತ್ತು. ಆದ್ದರಿಂದಲೇ ಮಠ ಕರೆದ ಕೂಡಲೇ ಜನ ಬಂದರು.

ಎಲ್ಲ ಊರಿಗೂ ಅಂಥ ಮಠ ಇಲ್ಲ, ಅಂಥ ಸ್ವಾಮೀಜಿ ಇಲ್ಲ, ನಿಜ. ಆದರೆ ಅಲ್ಲಿ ಕಲಿಯಬೇಕಾದ್ದು ಒಂದಿದೆ. ಕರೆದವರನ್ನು ಜನ ನಂಬಿದ್ದರು. ಕೊಟ್ಟ ದುಡ್ಡು ಕೆಲಸಕ್ಕೇ ಹೋಗುತ್ತದೆ ಅನ್ನುವ ನಂಬಿಕೆ ಇತ್ತು. ನಿಮ್ಮೂರಿನಲ್ಲಿ ಆ ನಂಬಿಕೆ ಯಾರ ಮೇಲಿದೆ? ನಿವೃತ್ತ ಮೇಷ್ಟ್ರು ಇರಬಹುದು, ಹಾಲಿನ ಡೇರಿಯ ಕಾರ್ಯದರ್ಶಿ ಇರಬಹುದು, ಆಶಾ ಕಾರ್ಯಕರ್ತೆ ಅಕ್ಕ ಇರಬಹುದು. ಖಜಾಂಚಿ ಅವರಾಗಲಿ. ಅಧ್ಯಕ್ಷ ಯಾರಾದರೂ ಆಗಲಿ.

ಹೂಳಿನ ಲೆಕ್ಕ

ಹೂಳು ತೆಗೆಯುವುದು ಅಂದರೆ ಎಷ್ಟು ಕೆಲಸ ಅಂತ ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಅರ್ಧಕ್ಕೇ ಕೈಬಿಡುತ್ತೀರಿ. ಒಂದು ಎಕರೆಯಲ್ಲಿ ಒಂದು ಅಡಿ ಆಳ ತೆಗೆದರೆ 43,560 ಘನ ಅಡಿ ಮಣ್ಣು. ಒಂದು ಟ್ರ್ಯಾಲಿಗೆ 100 ಘನ ಅಡಿ ಹಿಡಿದರೂ 435 ಟ್ರಿಪ್. ಅಗೆದ ಮಣ್ಣು ಉಬ್ಬುತ್ತದೆ, ಹಾಗಾಗಿ ಇನ್ನೂ ಜಾಸ್ತಿಯೇ ಆಗುತ್ತದೆ. ಬದಲಿಗೆ ಸಿಗುವುದು ಏನು? ಅದೇ ಜಾಗದಲ್ಲಿ ಒಮ್ಮೆ ತುಂಬಿದರೆ ಸುಮಾರು 12 ಲಕ್ಷ ಲೀಟರ್ ನೀರು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಊರಿನ ಕಟ್ಟೆಯ ಮೇಲೆ ಹೇಳಿ ನೋಡಿ, ಟ್ರ್ಯಾಕ್ಟರ್ ಇರುವವರು ತಾವಾಗಿಯೇ ಕೇಳುತ್ತಾರೆ. ಕೆರೆ ಮಣ್ಣು ಹೊಲಕ್ಕೆ ಒಳ್ಳೆಯದು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕೊಂಡೊಯ್ಯಲು ಪಂಚಾಯತಿ ಅಥವಾ ಇಲಾಖೆಯ ಒಪ್ಪಿಗೆ ಪತ್ರ ಕೈಯಲ್ಲಿರಲಿ.

ಕೆಲಸದ ಕ್ರಮವೂ ಮುಖ್ಯ. ನೀರು ಬರುವ ಕಾಲುವೆ ಮೊದಲು, ಕೋಡಿ (ಹೆಚ್ಚಾದ ನೀರು ಹರಿದುಹೋಗುವ ಜಾಗ) ಮತ್ತು ತೂಬು (ಹೊಲಕ್ಕೆ ನೀರು ಬಿಡುವ ಬಾಯಿ) ಆಮೇಲೆ, ಹೂಳು ಕೊನೆಗೆ. ಹೆಚ್ಚಿನವರು ತಿರುಗಾಮುರುಗಾ ಮಾಡುತ್ತಾರೆ. ದೊಡ್ಡ ಗುಂಡಿ ತೋಡಿರುತ್ತಾರೆ, ನೀರೇ ಬರುವುದಿಲ್ಲ. ಏರಿಯ ಬುಡಕ್ಕೆ ಹತ್ತಿ ಅಗೆಯಲೇಬಾರದು, ಏರಿ ಕುಸಿಯುತ್ತದೆ. ತಳದಲ್ಲಿ ಗಟ್ಟಿ ಜಿಗುಟು ಮಣ್ಣಿನ ಪದರ ಇದ್ದರೆ ಅದನ್ನೂ ಕೆರೆಯಬಾರದು, ನೀರು ನಿಲ್ಲುವುದೇ ಅದರ ಮೇಲೆ. ಹಿಂದೆ ಕೆರೆ ನೀರು ಬಿಡುತ್ತಿದ್ದ ನೀರುಗಂಟಿಯ ಮನೆತನದವರು ಊರಿನಲ್ಲಿದ್ದರೆ ಅವರನ್ನು ಕರೆದುಕೊಂಡು ಹೋಗಿ ಏರಿಯ ಮೇಲೆ ನಡೆಯಿರಿ. ಎಂಜಿನಿಯರಿಗೆ ಒಂದು ವಾರ ಹಿಡಿಯುವುದನ್ನು ಅವರು ಒಂದು ಬೆಳಗ್ಗೆಯಲ್ಲಿ ತೋರಿಸುತ್ತಾರೆ.

ಕಾಗದ ಯಾಕೆ ಬೇಕು

1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ 6 ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ನಿಮ್ಮ ವಿಷಯ ಅಲ್ಲಿ ಬರಲಿ, ಠರಾವು ಆಗಲಿ, ನಡಾವಳಿ ಪುಸ್ತಕದಲ್ಲಿ ಬರೆಸಿ. "ಗ್ರಂಥಾಲಯ ಕೋಣೆಯನ್ನು ಸಂಜೆ 5ರಿಂದ 9ರವರೆಗೆ ಓದುಗರ ಸಂಘ ತೆರೆದು ನೋಡಿಕೊಳ್ಳಲು ಒಪ್ಪಿದೆ" ಎಂಬ ಎರಡು ಸಾಲು ಸಾಕು. ಅಧ್ಯಕ್ಷರು ಬದಲಾದರೂ, ಪಿಡಿಒ ವರ್ಗ ಆದರೂ ಆ ಎರಡು ಸಾಲು ಉಳಿಯುತ್ತವೆ.

ಸಂಘ ಕಟ್ಟುವುದಾದರೆ 1960ರ ಸಂಘಗಳ ನೋಂದಣಿ ಕಾಯ್ದೆ ಇದೆ. 7 ಜನ ಇದ್ದರೆ ಸಾಕು, ಸಹಕಾರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ನೋಂದಣಿ. ಗ್ರಂಥಾಲಯ, ಗರಡಿಮನೆ, ಕೆರೆ ಕಾವಲು, ಇವಕ್ಕೆಲ್ಲ ಇದು ಸರಿಹೊಂದುತ್ತದೆ. ವ್ಯಾಪಾರ ಇರುವ ಕೆಲಸ, ಅಂದರೆ ಊರಿನ ಅಂಗಡಿ, ಹಿಟ್ಟಿನ ಗಿರಣಿ, ಹಾಲು, ಇಂಥದಕ್ಕೆ ಸಹಕಾರ ಸಂಘವೇ ಸರಿ. ಅಲ್ಲಿ ಪ್ರತಿಯೊಬ್ಬರದೂ ಷೇರು ಇರುತ್ತದೆ. ಷೇರು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ಓಟು. ಈ ವಿಚಾರ ನಮಗೆ ಹೊಸದೇನಲ್ಲ. ನಮ್ಮ ಪಕ್ಕದ ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿತು. ರಾಯಚೂರು, ಬಳ್ಳಾರಿ, ಕೊಪ್ಪಳ ಸೇರಿ ಒಂದೇ ಹಾಲು ಒಕ್ಕೂಟ ಇದೆ. ದಿನಾ ಬೆಳಗ್ಗೆ ಕ್ಯಾನಿಗೆ ಹಾಲು ಹಾಕುವ ಅವ್ವಂದಿರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಮೂರನೇ ವರ್ಷ

ಮೊದಲ ವರ್ಷ ಎಲ್ಲರೂ ಬರುತ್ತಾರೆ. ಎರಡನೇ ವರ್ಷ ಅರ್ಧ ಜನ. ಮೂರನೇ ವರ್ಷ ಬರುವ ಐದು ಜನರ ಕೈಯಲ್ಲಿ ಆ ಜಾಗದ ಹಣೆಬರಹ ಇರುತ್ತದೆ. ಆ ಐದು ಜನರ ಕೈಯಲ್ಲಿ ದುಡ್ಡಿಲ್ಲದಿದ್ದರೆ ಮುಗಿಯಿತು.

ಇದನ್ನು ನಮ್ಮ ಹಿರಿಯರು ಚೆನ್ನಾಗಿ ತಿಳಿದಿದ್ದರು. ಹಳೆಯ ಶಾಸನಗಳಲ್ಲಿ 'ಬಿತ್ತುವಟ್ಟ', 'ಕಟ್ಟುಗೊಡಗೆ' ಅನ್ನುವ ಮಾತುಗಳು ಬರುತ್ತವೆ. ಕೆರೆ ಕಟ್ಟಿಸಿದವರಿಗೆ, ಅದನ್ನು ದುರಸ್ತಿಯಲ್ಲಿ ಇಡುವುದಕ್ಕೆ ಅಂತಲೇ ಬಿಟ್ಟುಕೊಟ್ಟ ಜಮೀನು ಇಲ್ಲವೇ ಆದಾಯ ಅದು. ಕೆರೆಯ ಜೊತೆಗೇ ಕೆರೆಯ ಖರ್ಚಿಗೂ ದಾರಿ ಮಾಡುತ್ತಿದ್ದರು.

ಹೊಸ ಕಾಲದಲ್ಲೂ ಪ್ರಯತ್ನ ಆಗಿದೆ. 2002ರಲ್ಲಿ ವಿಶ್ವಬ್ಯಾಂಕ್ ಸಾಲದಲ್ಲಿ ಜಲ ಸಂವರ್ಧನೆ ಯೋಜನೆ ಶುರುವಾಯಿತು. ನಮ್ಮ ಜಿಲ್ಲೆಗಳಲ್ಲೂ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಕೆಲಸವೂ ಆಯಿತು. ಆದರೆ ಯೋಜನೆಯ ದುಡ್ಡು ನಿಂತ ಮೇಲೆ ಎಷ್ಟೋ ಸಂಘಗಳು ಬೋರ್ಡಿಗೆ ಸೀಮಿತವಾದವು. ದುಡ್ಡು ಹೊರಗಿನದು ಆಗಿದ್ದಾಗ ಸಂಘವೂ ಹೊರಗಿನದೇ ಆಗಿಬಿಡುತ್ತದೆ, ಅಲ್ವಾ?

ಲೆಕ್ಕ ಹಾಕಿ ನೋಡಿ. 400 ಮನೆಯ ಊರು. ಮನೆಗೆ ತಿಂಗಳಿಗೆ 10 ರೂಪಾಯಿ ಪಟ್ಟಿ. ಅರ್ಧ ಮನೆಯವರೇ ಕೊಟ್ಟರೂ ವರ್ಷಕ್ಕೆ 24,000 ರೂಪಾಯಿ. ಎರಡು ಪೇಪರ್, ಒಂದು ಪರೀಕ್ಷಾ ಮಾಸಿಕ, ಕರೆಂಟು, ಬಲ್ಬು, ಕಸಬರಿಗೆ, ಇಷ್ಟಕ್ಕೆ ಸಾಲುತ್ತದೆ. ಬಂದದ್ದು, ಹೋದದ್ದು ತಿಂಗಳಿಗೊಮ್ಮೆ ಗೋಡೆಗೆ ಅಂಟಿಸಿ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ. ಹಳ್ಳಿಯಲ್ಲಿ ಸಂಘ ಒಡೆಯುವುದು ದುಡ್ಡಿನ ಕೊರತೆಯಿಂದಲ್ಲ, "ಆ ದುಡ್ಡು ಏನಾಯ್ತು?" ಅನ್ನುವ ಒಂದು ಪಿಸುಮಾತಿನಿಂದ.

ಊರವರು ಅಂದರೆ ಯಾರು?

ಇದನ್ನು ಹೇಳದೆ ಬಿಟ್ಟರೆ ಬರೆದದ್ದೆಲ್ಲ ಅರ್ಧ ಸುಳ್ಳಾಗುತ್ತದೆ. 'ಊರವರು ಕೈಗೆ ತೆಗೆದುಕೊಂಡರು' ಅಂತ ಕೇಳಿದಾಗಲೆಲ್ಲ ನಾನು ಸಮಿತಿಯ ಪಟ್ಟಿ ನೋಡುತ್ತೇನೆ. ಎಲ್ಲರೂ ಒಂದೇ ಓಣಿಯವರಾ? ಹೆಣ್ಣುಮಕ್ಕಳ ಹೆಸರು ಇದೆಯಾ? ದಲಿತ ಕೇರಿಯಿಂದ ಯಾರಾದರೂ ಇದ್ದಾರಾ? ಇಲ್ಲ ಅಂದರೆ ಅದು ಊರು ಉಳಿಸಿದ್ದಲ್ಲ. ಸರಕಾರದ ಸ್ವತ್ತು ನಾಲ್ಕು ಮನೆತನದ ಸ್ವತ್ತು ಆದದ್ದು. ಪಂಚಾಯತಿಯ ಭವನಕ್ಕೆ ಎಲ್ಲರೂ ಹಕ್ಕಿನಿಂದ ಕಾಲಿಡಬಹುದು. ಸಂಘದ ಕೈಗೆ ಬಂದ ಮೇಲೆ "ಇಲ್ಲಿ ನಿಮ್ಮ ಮದುವೆ ಬೇಡ" ಎಂಬ ಮಾತು ಬಂದರೆ ಏನು ಉಳಿಸಿದಂತಾಯಿತು?

ಆದ್ದರಿಂದ ಠರಾವಿನಲ್ಲೇ ಬರೆಸಿ: ಎಲ್ಲ ಓಣಿಗೂ ಸಮಿತಿಯಲ್ಲಿ ಒಂದು ಜಾಗ, ಅರ್ಧ ಹೆಣ್ಣುಮಕ್ಕಳು, ಎಲ್ಲರಿಗೂ ಒಂದೇ ಬಾಡಿಗೆ, ಷರತ್ತು ಮುರಿದರೆ ಪಂಚಾಯತಿ ವಾಪಸ್ ತೆಗೆದುಕೊಳ್ಳಬಹುದು. ಕೊನೆಯ ಷರತ್ತಿಗೆ ಕೆಲವರು ಹಿಂದೇಟು ಹಾಕುತ್ತಾರೆ. ಹಾಕುವವರು ಯಾರು ಅಂತ ಗಮನಿಸಿ.

ಗ್ರಂಥಾಲಯದ ಟೈಮ್ ಇಡುವಾಗಲೂ ಇದೇ ಯೋಚನೆ ಬೇಕು. ರಾತ್ರಿ 9ರವರೆಗೆ ತೆರೆದರೆ ಗಂಡುಹುಡುಗರು ಮಾತ್ರ ಬರುತ್ತಾರೆ. ಹೆಣ್ಣುಮಕ್ಕಳಿಗೆ ಮಧ್ಯಾಹ್ನ ಒಂದೆರಡು ಗಂಟೆ ಬೇಕು. ಆ ಹೊತ್ತಿಗೆ ಕೋಣೆ ನೋಡಿಕೊಳ್ಳಲು ಒಬ್ಬ ಅಕ್ಕ ಇರಬೇಕು. ಪೊಲೀಸ್ ಪರೀಕ್ಷೆಗೋ ಎಫ್‌ಡಿಎ ಪರೀಕ್ಷೆಗೋ ಓದುವ ಹುಡುಗಿಗೆ ಮನೆಯಲ್ಲಿ ಕೂತು ಓದುವ ಮೂಲೆಯೇ ಇರುವುದಿಲ್ಲ. ಅವಳಿಗೆ ಆ ಕುರ್ಚಿ, ಆ ಬೆಳಕು ಎಷ್ಟು ದೊಡ್ಡದು ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ಕೆರೆಯ ಕೆಲಸ ಮಾಡಬೇಕು ಅನ್ನುವವರು ಬೇಸಿಗೆಯಲ್ಲೇ ಒಂದು ಸಲ ತೂಬಿನ ಹತ್ತಿರ ಹೋಗಿ ಬನ್ನಿ. ಮಳೆ ಬಿದ್ದು ನೀರು ಬಂದ ಮೇಲೆ ಅದರ ಬಾಯಿ ಕಾಣುವುದಿಲ್ಲ. ಕಲ್ಲು ಸರಿದಿದೆಯಾ, ಬೇರು ಹೊಕ್ಕಿದೆಯಾ, ಕದ ಏಳುತ್ತದೆಯಾ ಅಂತ ನೋಡಿ ಒಂದು ಫೋಟೊ ತೆಗೆದಿಡಿ. ಅದನ್ನು ಹಿಡಿದುಕೊಂಡೇ ಗ್ರಾಮಸಭೆಗೆ ಹೋಗಿ.